ಬಾಗಿಲಿನ ಲೆಕ್ಕ ಹಾಕಿದವರು ಯಾರು?

ಮುಂಬೈ ಲೋಕಲ್‌ಗೆ ಬಾಗಿಲು ಮುಚ್ಚಲಾಗದು ಎನ್ನಲು ಮೂರು ಕಾರಣಗಳನ್ನು ಕೊಡುತ್ತ ಬರಲಾಗಿದೆ. ಮುಚ್ಚಿದರೆ ಒಳಗಿದ್ದವರಿಗೆ ಉಸಿರುಕಟ್ಟುತ್ತದೆ. ನಿಲ್ದಾಣದಲ್ಲಿ ಅರ್ಧ ನಿಮಿಷವೂ ನಿಲ್ಲದ ಗಾಡಿ ತಡವಾಗುತ್ತದೆ. ಎಸಿ ಹಾಕಿದರೆ ಟಿಕೆಟ್ ದುಬಾರಿಯಾಗುತ್ತದೆ. ಮೂರೂ ನಿಜ. ಈ ಮೂರನ್ನು ಕೂಡಿಸಿ ತೆಗೆದ ತೀರ್ಮಾನ ಮಾತ್ರ ತಪ್ಪು.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದುಹೋದಾಗ ಫುಟ್‌ಬೋರ್ಡಿನಲ್ಲಿ ಜೋತಾಡುತ್ತಿದ್ದವರು ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಅದರ ಬೆನ್ನಿಗೇ ರೈಲ್ವೆ ಇಲಾಖೆ ಚೆನ್ನೈನ ಐಸಿಎಫ್ ಎಂಜಿನಿಯರುಗಳೊಂದಿಗೆ ಕೂತು, ಎಸಿ ಇಲ್ಲದ ಲೋಕಲ್‌ಗೂ ತಾನಾಗಿ ಮುಚ್ಚುವ ಬಾಗಿಲು ತರುವುದಾಗಿ ಹೇಳಿತು. ಬಾಗಿಲಲ್ಲಿ ಗಾಳಿಯಾಡುವ ಪಟ್ಟಿಗಳು, ಚಾವಣಿಯಿಂದ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸರಿಯಲು ದಾರಿ. ಇದರಲ್ಲಿ ಯಾವುದೂ ಹೊಸ ಆವಿಷ್ಕಾರವಲ್ಲ. ಬದಲಾದದ್ದು ಪ್ರಶ್ನೆ ಕೇಳಿದ ರೀತಿ.

ಒಂದಕ್ಕೊಂದು ಎದುರಾಗುವ ಗುರಿಗಳಿದ್ದಾಗ ವಿನ್ಯಾಸಕಾರರು ಅವನ್ನು ಎರಡು ಬಗೆಯಲ್ಲಿ ಇಡುತ್ತಾರೆ. ಕೆಲವು ತಕ್ಕಡಿಗೆ ಹಾಕುವಂಥವು: ಇದು ತುಸು ಕಡಿಮೆಯಾಗಲಿ, ಅದು ತುಸು ಹೆಚ್ಚಲಿ. ಇನ್ನು ಕೆಲವು ಗೆರೆಗಳು: ಅವನ್ನು ದಾಟಿದ ವಿನ್ಯಾಸ ಚರ್ಚೆಗೇ ಬರುವುದಿಲ್ಲ. ಸೇತುವೆ ಭಾರ ಹೊರಬೇಕೆಂಬುದು ಗೆರೆ; ಸಿಮೆಂಟಿನ ಉಳಿತಾಯವೆಲ್ಲ ಅದರೊಳಗೆ. ಲೋಕಲ್‌ನ ವಿಷಯದಲ್ಲಿ ವೇಳಾಪಟ್ಟಿ ಮತ್ತು ಇಲಾಖೆಯ ಖರ್ಚು ಗೆರೆಗಳಾದವು, ಪ್ರಯಾಣಿಕರ ಜೀವ ತಕ್ಕಡಿಗೆ ಬಿತ್ತು. ಯಾವುದು ಗೆರೆ, ಯಾವುದು ತೂಕ ಎಂದು ಯಾವ ಕಂಪ್ಯೂಟರೂ ಹೇಳಿಕೊಡುವುದಿಲ್ಲ. ಮನುಷ್ಯರೇ ನಿರ್ಧರಿಸುತ್ತಾರೆ, ಆಮೇಲೆ ಲೆಕ್ಕವೇ ಹಾಗೆ ಬಂತು ಎನ್ನುತ್ತಾರೆ.

ಬಾಗಿಲು ಬೇಕೆನ್ನುವವರೂ ಒಂದು ಮಾತು ಒಪ್ಪಬೇಕು. ದಾದರ್‌ನ ನೂಕಾಟದಲ್ಲಿ ಬಾಗಿಲು ಮುಚ್ಚಲು ಹತ್ತು ಸೆಕೆಂಡು ಹೆಚ್ಚು ಹಿಡಿದರೆ, ಮೂರು–ನಾಲ್ಕು ನಿಮಿಷಕ್ಕೊಂದು ಗಾಡಿ ಬರುವ ಹಳಿಯಲ್ಲಿ ಹಿಂದಿನವೆಲ್ಲ ನಿಲ್ಲುತ್ತವೆ. ಗಾಡಿಗಳ ಸಂಖ್ಯೆ ಇಳಿದರೆ ಉಳಿದವುಗಳಲ್ಲಿ ಜನ ಇನ್ನಷ್ಟು ತುಂಬುತ್ತಾರೆ. ಹಾಗಾಗಿ ಬಾಗಿಲೊಂದರಿಂದ ಕೆಲಸ ಮುಗಿಯದು. 12 ಡಬ್ಬಿಯ ಗಾಡಿಗಳು 15 ಡಬ್ಬಿಯವಾಗಬೇಕು, ಪ್ಲಾಟ್‌ಫಾರ್ಮ್‌ಗಳು ಉದ್ದವಾಗಬೇಕು, ಸಿಗ್ನಲ್ ಸುಧಾರಿಸಬೇಕು. ಎಲ್ಲಕ್ಕೂ ದುಡ್ಡು ಬೇಕು.

ಆ ದುಡ್ಡು ಯಾರ ಜೇಬಿನಿಂದ? ಮುಚ್ಚಿದ ಬಾಗಿಲಿನ ಎಸಿ ಲೋಕಲ್ 2017ರ ಡಿಸೆಂಬರಿನಿಂದಲೇ ಓಡುತ್ತಿದೆ. ಸಾದಾ ಗಾಡಿಗಳ ಜಾಗದಲ್ಲಿ ಅದನ್ನು ಓಡಿಸಿದಾಗ 2022ರ ಆಗಸ್ಟಿನಲ್ಲಿ ಕಳವಾ, ಬದ್ಲಾಪುರದ ಪ್ರಯಾಣಿಕರು ಪ್ರತಿಭಟಿಸಿದರು. ಅವರಿಗೆ ಬಾಗಿಲು ಬೇಡವಾಗಿರಲಿಲ್ಲ. ಕೈಗೆಟುಕುವ ದರದ ಗಾಡಿ ಕೈತಪ್ಪಿತ್ತು. ಜೀವ ಉಳಿಸಿಕೊಳ್ಳಲು ಮೇಲಿನ ದರ್ಜೆಯ ಪಾಸು ಕೊಳ್ಳಿ ಎನ್ನುವುದು ಸಮತೋಲನವಲ್ಲ, ವಸೂಲಿ.

ಡೊಂಬಿವಲಿಯಿಂದ ಬೆಳಿಗ್ಗೆ ಫಾಸ್ಟ್ ಹಿಡಿಯುವ ಸಾವಿರಾರು ಜನರಲ್ಲಿ ಕನ್ನಡಿಗರೂ ಇದ್ದಾರೆ. ಅವರ ಮನೆಯವರಿಗೆ ರೈಲ್ವೆಯಿಂದ ಬರಬೇಕಾದದ್ದು ಇನ್ನೊಂದು ಸಂತಾಪ ಸಂದೇಶವಲ್ಲ. ಹೊಸ ಗಾಡಿಗಳ ವಿನ್ಯಾಸದಲ್ಲಿ ಯಾವುದನ್ನು ಗೆರೆಯಾಗಿ ಹಿಡಿಯಲಾಗಿದೆ ಎಂಬುದನ್ನು ಇಲಾಖೆ ಬರೆದು ಪ್ರಕಟಿಸಲಿ. ಬಾಗಿಲು ತೆರೆದಿದ್ದರೆ ಗಾಡಿ ಹೊರಡದು ಎಂಬುದು ಮೊದಲ ಗೆರೆ. ಅದಕ್ಕಾಗಿ ಸಾದಾ ಟಿಕೆಟಿನ ದರ ಏರದು ಎಂಬುದು ಎರಡನೆಯದು. ಉಳಿದದ್ದನ್ನೆಲ್ಲ ಧಾರಾಳವಾಗಿ ತಕ್ಕಡಿಗೆ ಹಾಕಿಕೊಳ್ಳಲಿ.