ಆರತಿ ಎತ್ತಿದರೆ ಜೀವನಚಿತ್ರವಾಗದು

ಹಾಲಿವುಡ್ ನಟರೊಬ್ಬರು ಅಮೆರಿಕದ ಅಧ್ಯಕ್ಷರಾದ ಕತೆಗಿಂತ ಸಿನಿಮಾಕ್ಕೆ ಒದಗುವ ವಸ್ತು ಬೇರೆ ಯಾವುದಿದ್ದೀತು? 2024ರ ಆಗಸ್ಟ್‌ನಲ್ಲಿ ತೆರೆಕಂಡ ‘ರೇಗನ್’ ಚಿತ್ರವನ್ನು ಈ ನಿರೀಕ್ಷೆ ಹೊತ್ತು ನೋಡಿದವರಿಗೆ ದಕ್ಕುವುದು ನಿರಾಸೆ. ಶಾನ್ ಮೆಕ್‌ನಮಾರ ನಿರ್ದೇಶನದ ಈ ಚಿತ್ರದಲ್ಲಿ ರೊನಾಲ್ಡ್ ರೇಗನ್ ಪಾತ್ರ ವಹಿಸಿದ ಡೆನಿಸ್ ಕ್ವೇಡ್ ದನಿ, ನಗು, ನಡಿಗೆಯನ್ನೆಲ್ಲ ಶ್ರದ್ಧೆಯಿಂದ ಕಲಿತಿದ್ದಾರೆ. ಚಿತ್ರ ಸೋತಿರುವುದು ಕತೆ ಕಟ್ಟಿದ ಬಗೆಯಲ್ಲಿ.

ಇಲಿನಾಯ್ ರಾಜ್ಯದ ಡಿಕ್ಸನ್ ಊರಿನ ಬಾಲ್ಯ, ಹಾಲಿವುಡ್, ಕ್ಯಾಲಿಫೋರ್ನಿಯಾದ ಗವರ್ನರ್ ಹುದ್ದೆ, 1981ರಿಂದ ಎಂಟು ವರ್ಷ ಶ್ವೇತಭವನ, ಕೊನೆಗೆ ಅಲ್ಜೈಮರ್ ಕಾಯಿಲೆ. ಒಂದನ್ನೂ ಬಿಡಬಾರದೆಂಬ ಹಟಕ್ಕೆ ಬಿದ್ದ ಚಿತ್ರ ಎಲ್ಲಿಯೂ ನಿಂತು ನೋಡುವುದಿಲ್ಲ. ಕತೆ ಹೇಳಲು ವಿಕ್ಟರ್ ಪೆಟ್ರೊವಿಚ್ ಎಂಬ ಕಾಲ್ಪನಿಕ ಅಧಿಕಾರಿಯನ್ನು, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯವನನ್ನು, ತಂದಿದ್ದಾರೆ. ಜಾನ್ ವೊಯ್ಟ್ ಆ ಪಾತ್ರಧಾರಿ. ಎದುರಾಳಿಯ ಕಣ್ಣಿಂದ ನೋಡುವ ಉಪಾಯ ಒಳ್ಳೆಯದೇ. ಆದರೆ ಎದುರಾಳಿಯೂ ಹೊಗಳುಭಟನಾಗಿಬಿಟ್ಟರೆ ಪ್ರಶ್ನೆ ಕೇಳುವವರು ಯಾರು?

ಪ್ರಶ್ನೆಗಳಿಗೇನೂ ಬರವಿರಲಿಲ್ಲ. 1960ರಲ್ಲಿ ನಟರ ಸಂಘದ ಅಧ್ಯಕ್ಷರಾಗಿ ಮುಷ್ಕರ ನಡೆಸಿ, ಕಲಾವಿದರಿಗೆ ಪಿಂಚಣಿ ಮತ್ತು ಆರೋಗ್ಯ ಸೌಲಭ್ಯಕ್ಕೆ ದಾರಿ ಮಾಡಿಕೊಟ್ಟವರು ರೇಗನ್. 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಕೆಲಸದಿಂದ ಕಿತ್ತುಹಾಕಿದವರೂ ಅವರೇ. ಹಿಂದಿನ ವರ್ಷದ ಚುನಾವಣೆಯಲ್ಲಿ ಅದೇ ನೌಕರರ ಸಂಘ ಅವರ ಬೆನ್ನಿಗೆ ನಿಂತಿತ್ತು! 1983ರಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯವೆಂದು ಜರೆದವರು, 1987ರಲ್ಲಿ ಅದರ ನಾಯಕ ಗೋರ್ಬಚೆವ್ ಪಕ್ಕ ಕೂತು ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದರು. ಮನುಷ್ಯನೊಬ್ಬ ಹೀಗೆ ಬದಲಾಗುವ ಹಾದಿಯಲ್ಲೇ ನಾಟಕವಿರುವುದು. ಚಿತ್ರಕ್ಕೆ ಗೆಲುವಷ್ಟೇ ಸಾಕಾಗಿದೆ. ಏಡ್ಸ್‌ನಿಂದ ಸಾವಿರಾರು ಜನ ಸಾಯುತ್ತಿದ್ದಾಗ ಅಧ್ಯಕ್ಷರು ತಾಳಿದ ದೀರ್ಘ ಮೌನವೂ ಇಲ್ಲಿ ಕೆಲವೇ ಕ್ಷಣಗಳಲ್ಲಿ ಸರಿದುಹೋಗುತ್ತದೆ.

ಸ್ಪಿಲ್‌ಬರ್ಗ್ ಅವರ ‘ಲಿಂಕನ್’ (2012) ನೆನಪಾಗುತ್ತದೆ. ಆ ಚಿತ್ರ ದೊಡ್ಡ ಬದುಕೊಂದರ ಕೊನೆಯ ಕೆಲವು ತಿಂಗಳುಗಳನ್ನಷ್ಟೇ ಆರಿಸಿಕೊಂಡಿತು. ಗುಲಾಮಗಿರಿ ರದ್ದುಪಡಿಸುವ ತಿದ್ದುಪಡಿಗೆ ಮತ ಕೂಡಿಸಲು ಸಂಸದರಿಗೆ ಹುದ್ದೆಗಳ ಆಮಿಷ ಒಡ್ಡಿದ್ದನ್ನೂ ಮುಚ್ಚಿಡಲಿಲ್ಲ. ಅಷ್ಟಕ್ಕೆ ಲಿಂಕನ್ ಸಣ್ಣವರಾಗಲಿಲ್ಲ. ಒಳ್ಳೆಯ ಕೆಲಸಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ನೋಡುಗರಿಗೆ ಅರಿವಾಯಿತು.

ನಮ್ಮಲ್ಲೂ ರಾಜಕೀಯ ನಾಯಕರ ಬದುಕು ತೆರೆಗೆ ಬರುತ್ತಿರುವ ಕಾಲವಿದು. ಚಿತ್ರ ಮಾಡುವವರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ನಾಯಕರನ್ನು ಪ್ರೀತಿಸಿ, ಆದರೆ ಅವರು ಎಡವಿದ ಜಾಗವನ್ನೂ ತೋರಿಸಿ. ಓದುಗರೂ ಅಷ್ಟೇ, ತಮ್ಮ ಮೆಚ್ಚಿನ ನಾಯಕರ ಚಿತ್ರವನ್ನು ಇನ್ನೊಬ್ಬರ ನಾಯಕರ ಚಿತ್ರದಷ್ಟೇ ನಿಷ್ಠುರವಾಗಿ ನೋಡಲಿ.