ಗಂಧಕದ ಬಂಧವೂ ಕನ್ನಡದ ಕ್ರಿಯಾಪದವೂ

ವಿಜ್ಞಾನದ ಗಹನ ವಿಷಯಗಳು ಕನ್ನಡಕ್ಕೆ ಒಗ್ಗಲಾರವೆಂಬ ಮಾತನ್ನು ವಿದ್ಯಾವಂತರ ಬಾಯಿಂದಲೇ ಕೇಳಿ ಮನಸ್ಸು ನೊಂದಿದೆ. ವ್ಯಾಕರಣ ಛಂದಸ್ಸುಗಳಲ್ಲಿ ಬೆಳೆದ ನಾನು ವಿಜ್ಞಾನಿಯಲ್ಲ. ಆದರೆ ವಳಕಮದಿನ್ನಿಯಿಂದ ಹೋಗಿ ವಿಜ್ಞಾನದ ಪದವಿಗೆ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಬಂದು, "ಗುರುಗಳೇ, ಅಲ್ಪಶಕ್ತಿಯ ಎಲೆಕ್ಟ್ರಾನು ಗಂಧಕದ ಬಂಧವನ್ನು ಮುರಿಯುತ್ತದೆಂದು ಬಾಯಿಪಾಠ ಮಾಡಿದ್ದೇನೆ. ಬಲವಿಲ್ಲದ್ದು ಮುರಿಯುವುದು ಹೇಗೆ?" ಎಂದು ಕೇಳಿದನು. ಆ ಪ್ರಶ್ನೆಯು ನನ್ನನ್ನು ಹಲವು ದಿನ ಕಾಡಿತು.

ಇಂದು ಹಳ್ಳಿಹಳ್ಳಿಯ ಮನೆಗಳೂ ಬಲ್ಲ ಇನ್ಸುಲಿನ್ನನ್ನೇ ನೋಡೋಣ. 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿಗಳನ್ನು ಗಂಧಕದ ಎರಡು ಸೇತುವೆಗಳು ಜೋಡಿಸಿವೆ. ಮೂರನೆಯದು ಕಿರಿಯ ಸರಪಳಿಯೊಳಗೇ ಇದೆ. 1969ರಲ್ಲಿ ಇದರ ರಚನೆಯನ್ನು ಆಕ್ಸ್‌ಫರ್ಡಿನಲ್ಲಿ ಬೆಳಕಿಗೆ ತಂದ ಡೊರೊಥಿ ಹಾಡ್ಜ್‌ಕಿನ್ನರ ತಂಡದಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದ ಎಂ. ವಿಜಯನ್ ಅವರೂ ಇದ್ದರೆಂಬುದು ನಮಗೆ ಅಭಿಮಾನದ ಸಂಗತಿ.

ಇಂತಹ ಗಂಧಕ-ಗಂಧಕ ಬಂಧವನ್ನು ನೇರವಾಗಿ ಬೇರ್ಪಡಿಸಲು ಸುಮಾರು 2.5ರಿಂದ 3 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬೇಕು. ಅದಕ್ಕಿಂತ ಕಡಿಮೆ ಶಕ್ತಿಯ ಎಲೆಕ್ಟ್ರಾನೂ ಈ ಕಾರ್ಯವನ್ನು ಮಾಡಬಲ್ಲದು. ಅದು ಬಡಿಯುವುದಿಲ್ಲ; ಬಂದು ಸೇರುತ್ತದೆ. ಬಂಧಕ್ಕೆ ಪ್ರತಿಕೂಲವಾದ ಸ್ಥಾನದಲ್ಲಿ ಅದು ನೆಲೆಸಲು, ಬಂಧವು ಹಿಗ್ಗಿ ಸಡಿಲವಾಗಿ ಬೇರ್ಪಡಬಹುದು. ಬೇರ್ಪಟ್ಟ ಗಂಧಕದ ತುಣುಕು ಎಲೆಕ್ಟ್ರಾನನ್ನು ತನ್ನಲ್ಲಿ ಉಳಿಸಿಕೊಳ್ಳುವಾಗ ಹೊರಬೀಳುವ ಶಕ್ತಿಯು ಕೊರತೆಯನ್ನು ತುಂಬುತ್ತದೆ. ವೇಗವಾಗಿ ಬಂದ ಎಲೆಕ್ಟ್ರಾನು ಹೀಗೆ ನೆಲೆಸದೆ ದಾಟಿಹೋಗುವುದೇ ಹೆಚ್ಚು.

ಇಲ್ಲಿ ದೋಷವಿರುವುದು "ಮುರಿ" ಎಂಬ ಕ್ರಿಯಾಪದದಲ್ಲಿ. ಅದನ್ನು ಕೇಳಿದ ಬಾಲಕನು ಕಲ್ಲಿನ ಮೇಲೆ ಬೀಳುವ ಸುತ್ತಿಗೆಯನ್ನು ಕಲ್ಪಿಸಿಕೊಳ್ಳುತ್ತಾನೆ. ವ್ಯಾಕರಣದ ತರಗತಿಯಲ್ಲಿ ನಾವು ಸಂಧಿಯನ್ನು ಮುರಿಯೆನ್ನುವುದಿಲ್ಲ, ಬಿಡಿಸೆನ್ನುತ್ತೇವೆ. "ಎಲೆಕ್ಟ್ರಾನು ಸೇರಿ ಬಂಧವನ್ನು ಬಿಡಿಸುತ್ತದೆ" ಎಂದೊಡನೆ ಆ ಹುಡುಗನ ಮುಖ ಅರಳಿತು.

ಇದು ಕೇವಲ ಪದವಿಲಾಸವಲ್ಲ. ಕ್ಷ-ಕಿರಣವು ಜೀವದ್ರವ್ಯವನ್ನು ಹೊಕ್ಕಾಗ ಇಂತಹ ಅಲ್ಪಶಕ್ತಿಯ ಎಲೆಕ್ಟ್ರಾನುಗಳು ಹೇರಳವಾಗಿ ಹುಟ್ಟುತ್ತವೆ. ಪ್ರೋಟೀನಿನ ಹರಳುಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸುವಾಗ ಮೊದಲು ಕೆಡುವವುಗಳಲ್ಲಿ ಈ ಗಂಧಕದ ಬಂಧಗಳೂ ಸೇರಿವೆಯೆಂದು 2000ದಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿದವು. ವಿಕಿರಣದ ಹಾನಿಯನ್ನು ಅರಿಯಬೇಕಾದವನು ಬಡಿತವನ್ನಷ್ಟೇ ನೆನೆದರೆ ಅರ್ಧವನ್ನೇ ಅರಿತಂತೆ.

ಆದುದರಿಂದ ನನ್ನ ವಿಜ್ಞಾಪನೆಯಿಷ್ಟು: ನಮ್ಮ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ವಾರಕ್ಕೊಮ್ಮೆ ಕೂಡಿ ಕುಳಿತು, ನಾಮಪದಗಳ ಜೊತೆಗೆ ಕ್ರಿಯಾಪದಗಳನ್ನೂ ತೂಗಿ ನೋಡಲಿ. ಎಲೆಕ್ಟ್ರಾನ್ ಎಂಬ ಪದ ಹಾಗೆಯೇ ಇರಲಿ, ಅದು ಮಾಡುವ ಕೆಲಸವನ್ನು ಹೇಳುವ ಮಾತು ನಮ್ಮದಾಗಲಿ. ಹೀಗೆ ಸಿದ್ಧವಾಗುವ ಕಿರುಹೊತ್ತಗೆಯ ಮುದ್ರಣಕ್ಕೆ ದಾನಿಗಳು ಕೈನೀಡಿದರೆ, ಕಟ್ಟಡಕ್ಕೆ ಕೊಟ್ಟ ದಾನಕ್ಕಿಂತ ಅದು ಕಿರಿದೆನಿಸಲಾರದು. ಕನ್ನಡದಲ್ಲಿ ಓದಿದ ಮಗು ಕಾಲೇಜಿನ ಹೊಸ್ತಿಲಲ್ಲಿ ಎಡವಿದರೆ, ಆ ಹೊಣೆಯಲ್ಲಿ ಪಂಡಿತರಾದ ನಮಗೂ ಪಾಲುಂಟು.