ಗುಜರಿಗೆ ಹಾಕುವ ಮುನ್ನ

ಕಲಘಟಗಿ, ಅಳ್ನಾವರದ ಕಡೆಯ ರೈತನು ಬಿತ್ತನೆಯ ಹೊತ್ತಿಗೆ ಮುರಿದ ಕುಂಟೆಯನ್ನು ಹೊತ್ತು ಹುಬ್ಬಳ್ಳಿಗೆ ಅಲೆಯುವುದನ್ನು ಮನೆಯಲ್ಲಿರುವ ಹಳೆಯ ಮಿಗ್ ವೆಲ್ಡಿಂಗ್ ಯಂತ್ರವೊಂದು ತಪ್ಪಿಸಬಲ್ಲದು. ಆದರೆ ತಂತಿ ತಡೆತಡೆದು ಬರತೊಡಗಿದೊಡನೆ ‘ಮೋಟಾರು ಹೋಯಿತು, ಹೊಸದು ಕೊಳ್ಳಿರಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಬಹುಪಾಲು ಇದು ಅವಸರದ ತೀರ್ಪು. ಗುಜರಿ ಸೇರುವ ಆ ಯಂತ್ರದ ತಾಮ್ರ, ಕಬ್ಬಿಣಗಳೂ ಯಾವುದೋ ಗುಡ್ಡವನ್ನು ಅಗೆದು ತೆಗೆದವುಗಳೇ.

ರೋಲರಿನ ತಿರುಪನ್ನು ಇನ್ನಷ್ಟು ಬಿಗಿಗೊಳಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು. ಅದರಿಂದ ತಂತಿ ಚಪ್ಪಟೆಯಾಗಿ ಮತ್ತಷ್ಟು ಸಿಕ್ಕಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ತಪ್ಪಿಸಿ, ರೋಲರನ್ನು ಸಡಿಲಿಸಿ, ಟಾರ್ಚಿನ ತುದಿಯ ತಾಮ್ರದ ಟಿಪ್ ಬಿಚ್ಚಿ, ತಂತಿಯನ್ನು ಕೈಯಿಂದ ಎಳೆದು ನೋಡಬೇಕು. ಸರಾಗವಾಗಿ ಬಂದರೆ ಟಿಪ್ ಅಥವಾ ರೋಲರಿನ ಮೇಲೆ ಸಂಶಯಪಡಬೇಕು, 0.8 ಮಿ.ಮೀ. ತಂತಿಗೆ ಅದೇ ಅಳತೆಯ ಕಚ್ಚು ರೋಲರಿನಲ್ಲಿರಬೇಕು. ಬಿಗಿಯಾಗಿದ್ದರೆ ಕೇಬಲ್ಲಿನೊಳಗಿನ ಲೈನರ್‌ನಲ್ಲಿ ಧೂಳು ಕಟ್ಟಿರುತ್ತದೆ, ಇಲ್ಲವೇ ತಂತಿಯ ಸುರುಳಿಯ ಬ್ರೇಕ್ ಅತಿಯಾಗಿ ಹಿಡಿದಿರುತ್ತದೆ.

ಮುಂಗಾರಿನ ತೇವಕ್ಕೆ ತುಕ್ಕು ಹಿಡಿದ ತಂತಿಯೇ ಲೈನರಿನ ದೊಡ್ಡ ಶತ್ರು. ಕೆಲಸ ಮುಗಿದೊಡನೆ ಸುರುಳಿಯನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಊರಿನ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೂ ಮೋಟಾರು ಸೊರಗುತ್ತದೆ. ಅದು ಯಂತ್ರದ ದೋಷವಲ್ಲ. ಇವೆಲ್ಲವನ್ನೂ ನೋಡಿದ ಮೇಲೆಯೇ ಮೋಟಾರಿನ ಮಾತು.